ಕಂಟೋನ್ಮೆಂಟಿನಲ್ಲಿ ಜಪಾನಿ ಕೋಲು: 'ಯಮೆ' ಅಂದರೆ ಎಮ್ಮೆ ಅಲ್ಲ ಸ್ವಾಮಿ!

ಕುರುಗೋಡಿನಿಂದ ಬಳ್ಳಾರಿಗೆ ಬರುವ ಸಂಜೆ ಬಸ್ಸು. ಒಳಗೆ ಕಾಲಿಡಲು ಜಾಗವಿಲ್ಲ. ಹದಿಮೂರು-ಹದಿನಾಲ್ಕರ ಹುಡುಗನೊಬ್ಬ ತನಗಿಂತ ಉದ್ದದ ಕೋಲು ಹಿಡಿದು ಹತ್ತಿದ. ಕೋಲಿನ ಒಂದು ತುದಿ ಯಾರದೋ ಟೋಪಿ ಕೆಡವಿತು, ಇನ್ನೊಂದು ತುದಿ ಕಂಡಕ್ಟರರ ಚೀಲಕ್ಕೆ ಸಿಕ್ಕಿಕೊಂಡಿತು.

"ಏನಪ್ಪಾ ಇದು, ಮಾವಿನಕಾಯಿ ಕೀಳೋ ದೋಟಿ ಏನು?"

"ಅಲ್ರೀ... ಬೋ."

"ಬೋ ಅಂತ ಯಾಕ ಅಳ್ತೀಯೋ? ಲಗೇಜ್ ಟಿಕೀಟು ಹಾಕಂಗಿಲ್ಲ, ಒಳಗ ಸರಿ."

ಬಸ್ಸೆಲ್ಲ ನಕ್ಕಿತು. ಹುಡುಗನೂ ನಕ್ಕ. ಅವನು ಹೇಳಿದ್ದು ಸರಿಯೇ. ಅದರ ಹೆಸರೇ 'ಬೋ'. ಆರು ಅಡಿಯ ಜಪಾನಿ ದೊಣ್ಣೆ. ಹುಡುಗ ಹೊರಟದ್ದು ಕಂಟೋನ್ಮೆಂಟಿನ ಕರಾಟೆ ಕ್ಲಾಸಿಗೆ.

ಬಸ್ಸಿಳಿದು ಅವನ ಹಿಂದೆಯೇ ನಾನೂ ಹೋದೆ, ನೋಡೋಣ ಅಂತ. ಬಿಳಿ ಅಂಗಿ, ಬಿಳಿ ಪಾಯಿಜಾಮ, ನಡುವಿಗೆ ಬಣ್ಣಬಣ್ಣದ ಪಟ್ಟಿ. ಹದಿನೈದು ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಕೋಲು ತಿರುಗಿಸುತ್ತಿದ್ದರು. ಬದಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಏನ್ರೀ ಇದು? ತಿಂಗ್ಳಾ ರೊಕ್ಕಾ ಕೊಟ್ಟು ಕಳಸ್ತೀವಿ, ಆ ಮಾಸ್ತರ ನೋಡಿದ್ರ ನಮ್ಮ ಮೊಮ್ಮಗನ್ನ ಎಮ್ಮೆ ಎಮ್ಮೆ ಅಂತ ಬೈತಾನ!"

ಮಾಸ್ತರು ಬೈದಿರಲಿಲ್ಲ. ಅವರು ಕೂಗಿದ್ದು 'ಯಮೆ'. ಜಪಾನಿ ಭಾಷೆಯಲ್ಲಿ ಹಾಗೆಂದರೆ 'ನಿಲ್ಲಿಸು'. ಓದುಗ ಮಹಾಶಯರೇ, ಈ ವಾರ ನಾನು ಹೇಳಬೇಕಾದ್ದೆಲ್ಲ ಆ ಒಂದು ಮಾತಿನೊಳಗೇ ಇದೆ.

ಸಾವಕಾರರ ಪ್ರಶ್ನೆ

ಈ ವಿಷಯ ತಲೆಗೆ ಹತ್ತಿದ್ದು ಕೌಲ್‌ಬಜಾರಿನ ಕಿರಾಣಿ ಅಂಗಡಿಯ ಕಟ್ಟೆಯಲ್ಲಿ. ಅಂಗಡಿ ಸಾವಕಾರರ ಮಗ ಒಂಬತ್ತನೇ ಕ್ಲಾಸು. ಅಪ್ಪನ ಮೊಬೈಲಿನಲ್ಲೇ ಆರ್ಡರ್ ಮಾಡಿ ನುಂಚಾಕು ತರಿಸಿದ್ದಾನೆ. ಎರಡು ಗಿಡ್ಡ ಕೋಲು, ನಡುವೆ ಸರಪಳಿ. ಮಾಳಿಗೆ ಹತ್ತಿ, ಮೊಬೈಲಿನಲ್ಲಿ ನೋಡಿ ನೋಡಿ ತಿರುಗಿಸಿದ್ದಾನೆ. ಮೂರನೇ ದಿನ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ!

"ಅರ್ಧ ಇಂಚು ಕೆಳಗ ಬಿದ್ದಿದ್ರ ಕಣ್ಣೇ ಹೋಗ್ತಿತ್ರಿ" ಎಂದರು ಸಾವಕಾರರು, ಸಕ್ಕರೆ ತೂಗುತ್ತಲೇ. "ಈಗ ಕಂಟೋನ್ಮೆಂಟಿನ ಕ್ಲಾಸಿಗೆ ಹಚ್ಚು ಅಂತ ಗಂಟು ಬಿದ್ದಾನ. ನೀವು ಪೇಪರಿನವ್ರು, ಹೇಳ್ರಿ. ಇದು ವಿದ್ಯಾನೋ, ಇಲ್ಲಾ ರೌಡಿತನಕ್ಕ ಒಂದನೇ ಕ್ಲಾಸೋ?"

ಒಳ್ಳೆಯ ಪ್ರಶ್ನೆ. ನಾನು ತಟ್ಟನೆ ಉತ್ತರ ಕೊಡಲಿಲ್ಲ. ಯಾಕೆಂದರೆ ನನ್ನ ಹಣೆಯ ಮೇಲೂ ಅಂಥದೇ ಒಂದು ಗುರುತಿದೆ. ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್' ಸಿನಿಮಾ ತಯಾರಾದದ್ದು 1973ರಲ್ಲಿ. ನಮ್ಮ ಕಡೆಯ ಟಾಕೀಸಿಗೆ ಅದು ಬಂದು ಹೋದ ಮೇಲೆ ಊರಿನ ಒಂದು ಪೊರಕೆಯ ಹಿಡಿಯೂ ಉಳಿಯಲಿಲ್ಲ. ಎಲ್ಲ ಎರಡು ತುಂಡು, ನಡುವೆ ಸೈಕಲ್ ಚೈನು! ಆಮೇಲೆ ನಮ್ಮ ಶಂಕರ್‌ನಾಗ್ 'ಕರಾಟೆ ಕಿಂಗ್' ಆದರು, ಹುಡುಗರ ಹುಚ್ಚು ಇನ್ನೂ ಏರಿತು. ಗುರು ಇಲ್ಲದ ವಿದ್ಯೆಯ ಫೀಜನ್ನು ನಾವೆಲ್ಲ ಹಣೆಯಿಂದಲೇ ಕಟ್ಟಿದೆವು.

ಅಂದು ಸಿನಿಮಾ, ಇಂದು ಮೊಬೈಲು. ಪೆಟ್ಟು ಬೀಳುವ ಜಾಗ ಮಾತ್ರ ಬದಲಾಗಿಲ್ಲ.

ಕುಡುಗೋಲು, ಹುಟ್ಟು, ಬೀಸುವ ಕಲ್ಲು

ಈ ಆಯುಧಗಳ ತವರು ಜಪಾನಿನ ದಕ್ಷಿಣಕ್ಕೆ ಸಮುದ್ರದಲ್ಲಿರುವ ಒಕಿನಾವಾ ದ್ವೀಪ. ಹಿಂದೆ ಅದು ರ್‍ಯುಕ್ಯು ಅನ್ನುವ ಬೇರೆಯೇ ರಾಜ್ಯ. 1609ರಲ್ಲಿ ಜಪಾನಿನ ಸತ್ಸುಮಾ ಪ್ರಾಂತದ ಸೈನ್ಯ ಬಂದು ಅದನ್ನು ಗೆದ್ದಿತು. 1879ರಲ್ಲಿ ಅದು ಪೂರಾ ಜಪಾನಿಗೆ ಸೇರಿತು. ಕರಾಟೆ ಹುಟ್ಟಿದ್ದೂ ಅಲ್ಲಿಯೇ. ಬರಿಗೈ ವಿದ್ಯೆ ಕರಾಟೆ, ಆಯುಧದ ವಿದ್ಯೆ ಕೊಬುಡೊ.

ಆ ಆಯುಧಗಳ ಪಟ್ಟಿ ನೋಡಿದರೆ ನಮ್ಮ ಸಿರುಗುಪ್ಪದ ರೈತರಿಗೆ ನಗು ಬಂದೀತು. 'ಕಾಮಾ' ಅಂದರೆ ಕುಡುಗೋಲು. 'ಕುವಾ' ಅಂದರೆ ನೆಲ ಅಗೆಯುವ ಗುದ್ದಲಿ. 'ಎಕು' ಅಂದರೆ ದೋಣಿಯ ಹುಟ್ಟು, ತುಂಗಭದ್ರೆಯ ಅಂಬಿಗರ ಕೈಯಲ್ಲಿ ಇರುತ್ತಲ್ಲ, ಅದೇ. 'ತೋನ್ಫಾ' ಬೀಸುವ ಕಲ್ಲಿನ ಗೂಟದಿಂದ ಬಂತು ಅಂತಾರೆ. ನುಂಚಾಕು ಕಾಳು ಬಡಿಯುವ ಸಾಧನವೋ, ಕುದುರೆಯ ಬಾಯಿಗೆ ಹಾಕುವ ಕಡಿವಾಣವೋ, ಎರಡು ಮಾತೂ ಉಂಟು. ಬೋ ಅಂತೂ ಭಾರ ಹೊರುವ ಅಡ್ಡೆಯ ದೊಣ್ಣೆಯೇ ಅನ್ನುತ್ತಾರೆ. ಅಳತೆ ಮಾತ್ರ ನಿಖರ: ಜಪಾನಿ ಲೆಕ್ಕದಲ್ಲಿ 6 ಶಾಕು, ನಮ್ಮ ಲೆಕ್ಕದಲ್ಲಿ ಸುಮಾರು 182 ಸೆಂಟಿಮೀಟರು.

ಒಂದು ಕಥೆ ಎಲ್ಲ ಕ್ಲಾಸಿನಲ್ಲೂ ಹೇಳುತ್ತಾರೆ. ಗೆದ್ದವರು ಕತ್ತಿ ಕಿತ್ತುಕೊಂಡರು, ಬಡ ರೈತರು ಕೈಗೆ ಸಿಕ್ಕ ಹತಾರವನ್ನೇ ಆಯುಧ ಮಾಡಿಕೊಂಡರು ಅಂತ. ಕೇಳಲು ಚೆಂದ. ಆದರೆ ಇತಿಹಾಸ ಬಲ್ಲವರು ಅದು ಅಷ್ಟು ಸರಳವಲ್ಲ ಅಂತಾರೆ. ಈ ವಿದ್ಯೆಯನ್ನು ಹೆಚ್ಚಾಗಿ ಬೆಳೆಸಿದವರು ರಾಜನ ದರಬಾರಿನ ಅಧಿಕಾರಿ ವರ್ಗದವರು. ಉದಾಹರಣೆಗೆ 'ಸಾಯಿ' ನೋಡಿ. ಮೂರು ಮುಳ್ಳಿನ ಕಬ್ಬಿಣದ ಆಯುಧ. ಅದು ಹೊಲದ ಹತಾರವೇ ಅಲ್ಲ, ಅಲ್ಲಿನ ಪೊಲೀಸರ ಕೈಯಲ್ಲಿದ್ದದ್ದು. ಅದಕ್ಕೆ ಅಲಗಿಲ್ಲ. ಎದುರಿನವನ ಕತ್ತಿಯನ್ನು ಮುಳ್ಳಿನ ಸಂದಿಯಲ್ಲಿ ಸಿಕ್ಕಿಸಿ ಹಿಡಿಯುವುದಕ್ಕೆ ಅದು. ಅಂದರೆ ಕಡಿಯುವ ಆಯುಧವಲ್ಲ, ನಿಲ್ಲಿಸುವ ಆಯುಧ!

ಕತ್ತಿ ಹೋಯಿತು, ವರಸೆ ಉಳಿಯಿತು

ಇನ್ನು ಒಕಿನಾವಾ ಬಿಟ್ಟು ಜಪಾನಿನ ದೊಡ್ಡ ಭೂಮಿಗೆ ಬರೋಣ. ಅಲ್ಲಿ ಸಮುರಾಯಿಗಳ ಕಾಲ. ನಡುವಿನಲ್ಲಿ ಕತ್ತಿ ಇಲ್ಲದೆ ಆ ಗಂಡಸು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. 1876ರಲ್ಲಿ ಸರ್ಕಾರ ಒಂದೇ ಹುಕುಂ ಹೊರಡಿಸಿತು: ಇನ್ನು ಬೀದಿಯಲ್ಲಿ ಕತ್ತಿ ಕಟ್ಟಿಕೊಂಡು ತಿರುಗಬಾರದು.

ಆಶ್ಚರ್ಯ ನೋಡಿ. ಅದಾಗಿ ಎರಡೇ ವರ್ಷಕ್ಕೆ, 1878ರಲ್ಲಿ, ಇಲ್ಲಿ ಬ್ರಿಟಿಷರು ಆಯುಧ ಕಾಯ್ದೆ ತಂದರು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಬಂದಿದ್ದ ನಮ್ಮ ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತದ ಭಾಗ. ಕಂಟೋನ್ಮೆಂಟಿನಲ್ಲಿ ಗೋರಾ ಸೈನಿಕರ ಬಯೊನೆಟ್ ಕವಾಯತು, ಊರಿನವರ ಕೈ ಮಾತ್ರ ಖಾಲಿ. ಪರದೇಶದ ವರಸೆ ಕಂಟೋನ್ಮೆಂಟಿಗೆ ಹೊಸದೇನಲ್ಲ ಸ್ವಾಮಿ. ಆಗ ನಾವು ಬೇಲಿಯ ಹೊರಗೆ ನಿಂತು ನೋಡುತ್ತಿದ್ದೆವು, ಈಗ ಒಳಗೆ ನಿಂತು ಕಲಿಯುತ್ತಿದ್ದೇವೆ, ಅಷ್ಟೇ.

ಕತ್ತಿ ಹೋದ ಮೇಲೆ ಜಪಾನಿನವರು ವಿದ್ಯೆಯನ್ನು ಬಿಡಲಿಲ್ಲ. ಅಲಗು ತೆಗೆದರು, ಶಿಸ್ತು ಇಟ್ಟುಕೊಂಡರು. ನಾಲ್ಕು ಬಿದಿರು ಸೀಳು ಸೇರಿಸಿ ಕಟ್ಟಿದ 'ಶಿನಾಯಿ' ಅವರಲ್ಲಿ ಮೊದಲೇ ಬಳಕೆಯಲ್ಲಿತ್ತು. ತಲೆಗೆ ಜಾಲರಿಯ ಮುಸುಕು, ಎದೆಗೆ ಕವಚ, ಕೈಗೆ ದಪ್ಪ ಕೈಚೀಲ. ಅದೇ ಇಂದಿನ ಕೆಂಡೊ. ಎರಡನೇ ಮಹಾಯುದ್ಧ ಸೋತ ಮೇಲೆ ಅಮೆರಿಕದವರು ಅದನ್ನೂ ನಿಲ್ಲಿಸಿದ್ದರು. 1952ರಲ್ಲಿ ಅಖಿಲ ಜಪಾನ್ ಕೆಂಡೊ ಸಂಘ ಹುಟ್ಟಿ ಮತ್ತೆ ಚಿಗುರಿತು. 2012ರಿಂದ ಜಪಾನಿನ ಮಾಧ್ಯಮಿಕ ಶಾಲೆಗಳಲ್ಲಿ ಇಂಥ ವಿದ್ಯೆ ಕಡ್ಡಾಯ ಪಾಠವೇ ಆಗಿದೆ.

ಕೆಂಡೊದಲ್ಲಿ ಒಂದು ನಿಯಮವಿದೆ, ನನಗೆ ಬಹಳ ಹಿಡಿಸಿತು. ಎದುರಾಳಿಯ ತಲೆಗೆ ಚೊಕ್ಕ ಏಟು ಕೊಟ್ಟು ಅಂಕ ಗಳಿಸಿದಿರಿ ಅನ್ನಿ. ಆಮೇಲೆ ಕೈ ಎತ್ತಿ ಕುಣಿದಿರೋ, ಕೊಟ್ಟ ಅಂಕವನ್ನು ಪಂಚರು ವಾಪಸು ತಗೊಳ್ಳಬಹುದು! ಹೊಡೆದ ಮೇಲೂ ಎಚ್ಚರ ಇರಬೇಕು, ಗೆದ್ದ ಮೇಲೂ ಮರ್ಯಾದೆ ಇರಬೇಕು. ನಮ್ಮ ಕ್ರಿಕೆಟ್ ಹುಡುಗರಿಗೆ ಈ ನಿಯಮ ಹಚ್ಚಿದರೆ ಒಂದು ಪಂದ್ಯವೂ ಮುಗಿಯಲಿಕ್ಕಿಲ್ಲ, ಬಿಡಿ.

ಕ್ಲಾಸಿನಲ್ಲಿ ಕಂಡದ್ದು

ಆ ಸಂಜೆ ನಾನು ಒಂದೂವರೆ ತಾಸು ಕೂತು ನೋಡಿದೆ. ಮೊದಲ ಅರ್ಧ ತಾಸು ಯಾರೂ ಕೋಲು ಮುಟ್ಟಲಿಲ್ಲ. ಓಟ, ಬಸ್ಕಿ, ನಿಲ್ಲುವ ರೀತಿ, ಹೆಜ್ಜೆ. ಆಮೇಲೆ ಸಾಲಾಗಿ ನಿಂತು ಬಗ್ಗಿ ನಮಸ್ಕಾರ. ಆಮೇಲೆ ಒಬ್ಬೊಬ್ಬರೂ ತಮ್ಮ ಕೋಲನ್ನು ತುದಿಯಿಂದ ತುದಿಗೆ ಕೈಯಾಡಿಸಿ ನೋಡಿದರು. ಸಿಬಿರು ಎದ್ದಿದೆಯೋ, ಬಿರುಕು ಬಿಟ್ಟಿದೆಯೋ ಅಂತ. ನುಂಚಾಕು ಹಿಡಿದವರು ಹಗ್ಗ ಎಳೆದು ನೋಡಿದರು. ಸಣ್ಣ ಮಕ್ಕಳ ನುಂಚಾಕಿಗೆ ಸ್ಪಂಜಿನ ಹೊದಿಕೆ.

ಬಿದಿರಿನ ಸಿಬಿರು ಮುಸುಕಿನ ಜಾಲರಿ ದಾಟಿ ಕಣ್ಣಿಗೆ ಹೋಗಬಹುದು. ಹಗ್ಗ ಹರಿದ ನುಂಚಾಕಿನ ತುಂಡು ಪಕ್ಕದವನ ಹಲ್ಲು ಉದುರಿಸಬಹುದು. ಅದಕ್ಕೇ ಈ ತಪಾಸಣೆ. ಸಾವಕಾರರು ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ತಕ್ಕಡಿ ನೋಡುವ ಹಾಗೆ.

"ನುಂಚಾಕಿನ ಗುಟ್ಟು ಏನು ಗೊತ್ತೇನ್ರೀ?" ಮಾಸ್ತರು ಕೇಳಿದರು. "ಬಿಟ್ಟ ತುದಿ ಎಷ್ಟು ಜೋರು ಹೋಗ್ತದೋ ಅಷ್ಟೇ ಜೋರು ವಾಪಸ್ ಬರ್ತದ. ಬೀಸೋದು ಎಲ್ಲಾರಿಗೂ ಬರ್ತದ. ಹಿಡಿಯೋದು ಕಲೀಬೇಕು. ಮೊಬೈಲಿನಾಗ ಬೀಸೋದು ಕಾಣಸ್ತದ, ಹಿಡಿಯೋದು ಕಾಣಸಂಗಿಲ್ಲ."

ಅಷ್ಟರಲ್ಲಿ ಇಬ್ಬರು ಹುಡುಗರು ಎದುರುಬದುರು ನಿಂತರು. ಒಬ್ಬನ ಕೋಲು ತಲೆಯ ಮೇಲಿಂದ ಸುಂಯ್ ಅಂತ ಇಳಿಯಿತು. 'ಯಮೆ!' ಕೋಲು ಎದುರಿನವನ ನೆತ್ತಿಯಿಂದ ನಾಲ್ಕು ಬೆರಳು ಮೇಲೆ ಗಕ್ಕನೆ ನಿಂತಿತು. ಅಲುಗಲಿಲ್ಲ. ಕೆಳಗಿದ್ದವನು ಕಣ್ಣು ಮುಚ್ಚಲಿಲ್ಲ. ಕಟ್ಟೆಯ ಮೇಲಿದ್ದ ಅಜ್ಜಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು.

ನನಗೆ ಅಲ್ಲೇ ಸಾವಕಾರರ ಪ್ರಶ್ನೆಗೆ ಉತ್ತರ ಸಿಕ್ಕಿತು. ರೌಡಿಗೆ ಹೊಡೆಯಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ. ವ್ಯತ್ಯಾಸ ಇರುವುದು ಆ ನಾಲ್ಕು ಬೆರಳಿನ ಅಂತರದಲ್ಲಿ.

ಕಾನೂನು ಏನನ್ನುತ್ತದೆ?

ಇಲ್ಲಿ ತಂದೆ-ತಾಯಿಗಳು ಕಿವಿಗೊಟ್ಟು ಕೇಳಬೇಕು. ನಮ್ಮ ದೇಶದ 1959ರ ಆಯುಧ ಕಾಯ್ದೆ ಲಾಠಿಯನ್ನೂ ಊರುಗೋಲನ್ನೂ ಹೆಸರು ಹಿಡಿದೇ ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಇರುವ ವಸ್ತುಗಳೂ ಹಾಗೆಯೇ. ಆದರೆ ಕತ್ತಿ, ಭರ್ಜಿ, ಬಾಕು, 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲದ ಅಲಗಿನ ಹತಾರಗಳು ನಿಯಮದ ಪಟ್ಟಿಯಲ್ಲಿವೆ. ಆದ್ದರಿಂದ 'ಸಮುರಾಯಿ ಕತ್ತಿ' ಅಂತ ಚೆಂದದ ಪೆಟ್ಟಿಗೆಯಲ್ಲಿ ಬಂದದ್ದನ್ನೆಲ್ಲ ಹುಡುಗನ ಕೈಗೆ ಕೊಡಬೇಡಿ. ಕತ್ತಿಯ ವರಸೆ ಕಲಿಸುವ ಒಳ್ಳೆಯ ಗುರುಗಳು ಮರದ ಕತ್ತಿಯಲ್ಲೇ ಶುರುಮಾಡುತ್ತಾರೆ. ಮುಂದೆ ಲೋಹದ್ದು ಕೊಟ್ಟರೂ ಹರಿತ ಇಲ್ಲದ್ದನ್ನೇ ಕೊಡುತ್ತಾರೆ.

ನುಂಚಾಕು ಲಾಠಿಯೂ ಅಲ್ಲ, ಊರುಗೋಲೂ ಅಲ್ಲ. ಕ್ಲಾಸಿನಲ್ಲಿ ಅದು ವಿದ್ಯೆಯ ಸಾಮಾನು. ರಾತ್ರಿ ಹತ್ತು ಗಂಟೆಗೆ ರಾಯಲ್ ಸರ್ಕಲ್ಲಿನಲ್ಲಿ ಪ್ಯಾಂಟಿನ ಹಿಂದೆ ಸಿಕ್ಕಿಸಿಕೊಂಡು ನಿಂತರೆ ಪೊಲೀಸರು ಕೇಳುವ ಪ್ರಶ್ನೆಯೇ ಬೇರೆ. ಕುಡುಗೋಲೂ ಹಾಗೆಯೇ. ಹೊಲದಲ್ಲಿ ಅದು ಬೇಸಾಯ, ಜಗಳದಲ್ಲಿ ಅದು ಕೇಸು. ಇನ್ನು ಹಬ್ಬ, ಮೆರವಣಿಗೆ, ಗಲಾಟೆಯ ಹೊತ್ತಿನಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ದೊಣ್ಣೆ ಹಿಡಿದು ತಿರುಗುವುದನ್ನೂ ನಿಷೇಧಿಸಬಹುದು. ಆವತ್ತು ಬೋ ಮನೆಯಲ್ಲೇ ಇರಲಿ.

ಹೊರದೇಶದಲ್ಲೂ ಈ ತಕರಾರು ಉಂಟು. ಬ್ರೂಸ್ ಲೀ ಸಿನಿಮಾ ಬಂದ ಮರುವರ್ಷವೇ, 1974ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯ ನುಂಚಾಕನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಆ ನಿಷೇಧವನ್ನು ಕೋರ್ಟು ತೆಗೆದುಹಾಕಿದ್ದು 2018ರ ಡಿಸೆಂಬರಿನಲ್ಲಿ. ನಲವತ್ನಾಲ್ಕು ವರ್ಷ!

ಸ್ವರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಅಪಾಯ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಕಾನೂನೂ 'ಯಮೆ' ಅನ್ನುತ್ತದೆ ನೋಡಿ.

ನಮ್ಮ ಒನಕೆ ಮರೆತೆವೇನು?

ಹತಾರವೇ ಆಯುಧವಾದ ಕಥೆಗೆ ನಾವು ಒಕಿನಾವಾ ತನಕ ಹೋಗಬೇಕೇ? ಪಕ್ಕದ ಚಿತ್ರದುರ್ಗಕ್ಕೆ ಹೋದರೆ ಸಾಕು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದಾಗ ಓಬವ್ವನ ಕೈಗೆ ಸಿಕ್ಕದ್ದು ಭತ್ತ ಕುಟ್ಟುವ ಒನಕೆ. ಈಗ ಸರ್ಕಾರ ನವೆಂಬರ್ 11ನ್ನು ಓಬವ್ವನ ಜಯಂತಿ ಅಂತ ಆಚರಿಸುತ್ತಿದೆ.

ಜಪಾನಿನಲ್ಲೂ ಅಂಥವಳೊಬ್ಬಳಿದ್ದಳು, ನಕಾನೊ ತಾಕೆಕೊ. ಉದ್ದನೆಯ ಕೋಲಿನ ತುದಿಗೆ ಬಾಗಿದ ಅಲಗು ಕೂಡಿಸಿದ 'ನಗಿನಾತ' ಅವಳ ಆಯುಧ. 1868ರಲ್ಲಿ ಐಜು ಎಂಬಲ್ಲಿ ನಡೆದ ಯುದ್ಧದಲ್ಲಿ ಹೆಂಗಸರ ಪಡೆ ಕಟ್ಟಿಕೊಂಡು ಬಂದೂಕಿಗೆ ಎದುರಾಗಿ ಪ್ರಾಣ ಬಿಟ್ಟಳು. ಆಮೇಲೆ ಅದೇ ನಗಿನಾತವನ್ನು ಜಪಾನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಲಿಸಿದರು. ಇಂದಿಗೂ ಮರ-ಬಿದಿರಿನದು ಹಿಡಿದು ಹೆಂಗಸರೇ ಹೆಚ್ಚಾಗಿ ಆಡುತ್ತಾರೆ. ಅವರು ತಮ್ಮ ತಾಕೆಕೊಳ ವರಸೆಯನ್ನೂ ಉಳಿಸಿಕೊಂಡರು. ನಾವು ಓಬವ್ವನ ಪ್ರತಿಮೆ ನಿಲ್ಲಿಸಿದೆವು.

ಒಕಿನಾವಾದಲ್ಲೂ ಈ ವಿದ್ಯೆ ತಾನಾಗಿ ಉಳಿಯಲಿಲ್ಲ. ತೈರಾ ಶಿಂಕೆನ್ ಎಂಬವನು (1897-1970) ಹಳಬರ ಬಳಿ ಹೋಗಿ ಕೂತು, ಒಂದೊಂದೇ ವರಸೆ ಕಲಿತು, ಕೂಡಿಸಿ, ಬರೆದಿಟ್ಟ. ಅವನಂಥವರು ನಾಲ್ಕು ಜನ ಇಲ್ಲದಿದ್ದರೆ ಇಂದು ಕುರುಗೋಡಿನ ಹುಡುಗನ ಕೈಗೆ ಬೋ ಬರುತ್ತಿರಲಿಲ್ಲ.

ನಮ್ಮಲ್ಲಿ? ಅಲಾಯಿ ಹಬ್ಬದ ದಿನ ಬೀದಿಯಲ್ಲಿ ಕೋಲು ತಿರುಗಿಸುವ ಹಿರಿಯರನ್ನು ನೀವೂ ನೋಡಿದ್ದೀರಿ. ಹಳೇ ಗರಡಿ ಮನೆಗಳಲ್ಲಿ ಕುಸ್ತಿಯ ಜೊತೆ ಕೋಲು, ಕತ್ತಿ ವರಸೆ ಹೇಳಿಕೊಡುವವರಿದ್ದರು. ಅವರ ಕೈಯಲ್ಲಿದ್ದದ್ದು ಅವರ ಕೈಯಲ್ಲೇ ಹೋಗುತ್ತಿದೆ. ಕೇಳಿ ಬರೆದಿಡುವ ಒಬ್ಬ ಮೇಷ್ಟ್ರು, ಮೊಬೈಲಿನಲ್ಲಿ ಹಿಡಿದಿಡುವ ಒಬ್ಬ ಮೊಮ್ಮಗ, ಇಷ್ಟು ಸಾಕಲ್ಲವೇ? ನುಂಚಾಕು ತರಿಸಿಕೊಟ್ಟ ಮೊಬೈಲು ಇಷ್ಟಾದರೂ ಪುಣ್ಯ ಕಟ್ಟಿಕೊಳ್ಳಲಿ.

ಹಾಗಂತ ಜಪಾನಿ ವಿದ್ಯೆ ಬೇಡವೇ? ಅದು ನನ್ನ ಮಾತಲ್ಲ. ತೋರಣಗಲ್ಲಿನ ಹತ್ತಿರ 2018ರಲ್ಲಿ ಶುರುವಾದ ಕ್ರೀಡಾ ಸಂಸ್ಥೆಯಲ್ಲಿ ದೇಶದ ಮಕ್ಕಳು ಕುಸ್ತಿಯನ್ನೂ ಕಲಿಯುತ್ತಾರೆ, ಜಪಾನಿನ ಜೂಡೊವನ್ನೂ ಕಲಿಯುತ್ತಾರೆ. ಒಂದೇ ಸೂರಿನಡಿ ಎರಡೂ ಇರಬಹುದು. ನಮ್ಮ ಜಿಲ್ಲೆಯ ಅದಿರು ಹಡಗು ಹತ್ತಿ ಜಪಾನಿನ ಕುಲುಮೆಗೆ ಹೋದದ್ದುಂಟು, ಅಲ್ಲಿಂದ ಒಂದು ಕೋಲು ಬಂದರೆ ನಷ್ಟವೇನೂ ಇಲ್ಲ.

ಫೀಜು ಕಟ್ಟುವ ಮುಂಚೆ

ಸಾವಕಾರರಿಗೆ ನಾನು ಹೇಳಿದ್ದಿಷ್ಟು. ಮೊದಲ ದಿನ ರೊಕ್ಕ ಕೊಡಬೇಡಿ, ಹೋಗಿ ಒಂದು ತಾಸು ಕೂತು ನೋಡಿ. ನೋಡಲು ಬಿಡದ ಕ್ಲಾಸು ನಿಮಗೆ ಬೇಡ. ಹೊಸದಾಗಿ ಬಂದ ಹುಡುಗನ ಕೈಗೆ ಅವತ್ತೇ ನುಂಚಾಕು ಕೊಟ್ಟರೆ ಎದ್ದು ಬನ್ನಿ. ಮಕ್ಕಳ ನಡುವೆ ಕೋಲಿನಷ್ಟು ಜಾಗ ಬಿಟ್ಟಿದ್ದಾರೋ, ಸಾಮಾನು ತಪಾಸಣೆ ಮಾಡುತ್ತಾರೋ, ಪೆಟ್ಟಾದರೆ ಹಚ್ಚಲು ಔಷಧಿ ಪೆಟ್ಟಿಗೆ ಇದೆಯೋ ನೋಡಿ. ಗುರು ಯಾರ ಹತ್ತಿರ ಕಲಿತರು, ಎಷ್ಟು ವರ್ಷ ಕಲಿತರು ಕೇಳಿ. ಕೇಳಿದ್ದಕ್ಕೆ ಸಿಟ್ಟು ಬಂದರೆ ಅದೇ ಉತ್ತರ.

ಬೆಲ್ಟಿನ ಬಣ್ಣಕ್ಕೆ ಮರುಳಾಗಬೇಡಿ. ಕಪ್ಪು ಪಟ್ಟಿಯ ಪದ್ಧತಿ ಶುರುಮಾಡಿದ್ದು ಜೂಡೊದ ಕಾನೊ ಜಿಗೊರೊ, 1880ರ ದಶಕದಲ್ಲಿ. ಅವನ ಲೆಕ್ಕದಲ್ಲಿ ಕಪ್ಪು ಪಟ್ಟಿ ಅಂದರೆ ವಿದ್ಯೆ ಮುಗಿಯಿತು ಅಂತಲ್ಲ, ಈಗ ಕಲಿಯಲು ಯೋಗ್ಯನಾದ ಅಂತ. ಆರಾರು ತಿಂಗಳಿಗೆ ಪರೀಕ್ಷೆ ಫೀಜು, ಸರ್ಟಿಫಿಕೇಟ್ ಫೀಜು ಅಂತ ಕಿತ್ತು ಬಣ್ಣ ಬದಲಿಸುವ ಕಡೆ ವಿದ್ಯೆಗಿಂತ ವ್ಯಾಪಾರ ಜಾಸ್ತಿ. ವ್ಯಾಪಾರದ ವಾಸನೆ ವ್ಯಾಪಾರಿಗೆ ಹೇಳಿಕೊಡಬೇಕೇ?

ಸಾವಕಾರರು ಹೋಗಿ ನೋಡಿದರು. ಮಗನನ್ನು ಸೇರಿಸಿದರು. ಮೊನ್ನೆ ಅಂಗಡಿಗೆ ಹೋದಾಗ ಹುಡುಗ ಗಲ್ಲಾ ಪಕ್ಕ ಕೂತಿದ್ದ, ಹುಬ್ಬಿನ ಗಾಯ ಮಾಯ್ದಿತ್ತು. "ನುಂಚಾಕು ಎಲ್ಲೈತಪ್ಪ?" ಅಂದೆ. "ಮಾಸ್ತರು ಇಸಗೊಂಡು ಬೀಗ ಹಾಕಿಟ್ಟಾರ್ರೀ. ಒಂದು ವರ್ಷ ಬರೇ ಹೆಜ್ಜೆ ಅಂತ" ಅಂತ ಮುಖ ಸಣ್ಣಗೆ ಮಾಡಿದ.

ಅಷ್ಟರಲ್ಲಿ ಗಿರಾಕಿಯೊಬ್ಬ ಬಾಕಿ ಲೆಕ್ಕಕ್ಕೆ ಜಗಳ ತೆಗೆದ. ಮಾತಿಗೆ ಮಾತು ಬೆಳೆಯಿತು. ಸಾವಕಾರರ ಕೈ ತಕ್ಕಡಿಯ ಬಟ್ಟಿನ ಕಡೆ ಹೋಯಿತು. ಹುಡುಗ ಕೂತಲ್ಲಿಂದಲೇ ಮೆಲ್ಲಗೆ ಅಂದ:

"ಅಪ್ಪಾ, ಯಮೆ."

ಸಾವಕಾರರ ಕೈ ಅಲ್ಲೇ ನಿಂತಿತು. ಗಿರಾಕಿ ಮಾತ್ರ ತಿರುಗಿ ನೋಡಿ ಕೆರಳಿದ: "ಯಾರಿಗಲೇ ಎಮ್ಮೆ ಅಂತೀ?"